ಕೋಟಿಗೆ ತಕ್ಕ ಮೈ

"ಕೋಟನ್ನ ಬೆನ್ನ ಮೇಲೆ ಉದ್ದಕ್ಕೂ ಕತ್ತರಿಸಿ, ಅಂಚನ್ನ ಮೈಯಡಿಗೆ ಸಿಕ್ಕಿಸಿಬಿಟ್ರೆ ಆಯ್ತು ಅತ್ತಿಗೆ. ಮುಂದಿನಿಂದ ನೋಡಿದೋರಿಗೆ ಏನೂ ಗೊತ್ತಾಗಲ್ಲ. ಎಲ್ಲಾ ಕಡೆ ಹಾಗೇ ಮಾಡೋದು," ಎನ್ನುತ್ತ ಮೈದುನ ಕತ್ತರಿಗೆ ಕೈಚಾಚಿದ. ಅವಳು ಕೋಟನ್ನು ಎದೆಗವಚಿಕೊಂಡು ಹಿಂದೆ ಸರಿದಳು.

"ಕತ್ತರಿ ತಾಕಿಸಿದ್ರೆ ನೋಡು!"

ಮಂಚದ ಮೇಲೆ ಅವಳ ಗಂಡ ಮಲಗಿದ್ದ. ಕಾಯಿಲೆ ಆತನನ್ನು ತಿಂದು ಅರ್ಧ ಉಳಿಸಿತ್ತು. ಮಗಳ ಮದುವೆಗೆಂದು ಹೊಲಿಸಿದ ಈ ಬೂದುಬಣ್ಣದ ಕೋಟನ್ನು ಬೆಳಿಗ್ಗೆ ತೊಡಿಸಿ ನೋಡಿದರೆ ಕೊರಳ ಬಳಿ ಇನ್ನೊಬ್ಬರು ತಲೆ ತೂರಿಸುವಷ್ಟು ಜಾಗ ಉಳಿದಿತ್ತು. ಮೈದುನ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಪಾಪ, ನಿನ್ನೆ ಅಣ್ಣ ತೀರಿಕೊಂಡಾಗಿನಿಂದ ಎಲ್ಲದಕ್ಕೂ ಓಡಾಡುತ್ತಿದ್ದವನು ಅವನೇ. ಆದರೆ ಮಣ್ಣಿಗಿಡುವ ಮೊದಲು ಒಂದೇ ಒಂದು ಗಳಿಗೆ ಗಂಡನನ್ನು ಗಂಡನಂತೆಯೇ ನೋಡಬೇಕೆಂಬುದು ಅವಳ ಆಸೆ. ಈ ಸೊರಗಿದ ಮುದುಕನ ಪರಿಚಯ ಅವಳಿಗೆ ಇತ್ತೀಚಿನದು.

"ಮಧ್ಯಾಹ್ನ ಗಾಡಿ ಬರುತ್ತೆ. ಆಮೇಲೆ ನನ್ನ ದೂರಬೇಡಿ," ಎಂದು ಮೈದುನ ಹೊರಗೆ ಹೋದ.

* * *

ಗಂಡನ ಕೆಲಸವೇನೆಂದು ಯಾರಾದರೂ ಕೇಳಿದರೆ ಮೊದಮೊದಲು ಅವಳಿಗೆ ನಾಲಿಗೆ ತೊಡರುತ್ತಿತ್ತು. ಮ್ಯೂಸಿಯಂನಲ್ಲಿ ಹಳೆಗಾಲದವರ ಉಡುಪುಗಳನ್ನು ಪ್ರದರ್ಶನಕ್ಕೆ ನಿಲ್ಲಿಸಲು ಒಳಗೊಂದು ಮೈ ಬೇಕಲ್ಲ, ಆ ಮೈ ಮಾಡುವುದು ಆತನ ಕೆಲಸ. ತಲೆಯಿಲ್ಲದ ಆ ಗೊಂಬೆಗಳಿಗೆ ಅವಳು ಇಟ್ಟ ಹೆಸರು 'ನನ್ನ ಸವತಿಯರು'. ಸಂಜೆ ಬರುವುದು ತಡವಾದರೆ ಬಾಗಿಲಲ್ಲೇ ವಿಚಾರಣೆ: "ಇವತ್ತು ಯಾವಳ ಸೊಂಟ ಅಳೀತಾ ಕೂತಿದ್ರಿ?"

ಆತ ಯಾವ ಸಾಮಾನನ್ನೂ ಸುಲಭಕ್ಕೆ ನಂಬುವವನಲ್ಲ. ಹತ್ತಿಬಟ್ಟೆಯಾದರೆ ಅದರ ಗಂಜಿ ಪೂರ್ತಿ ಬಿಡುವವರೆಗೆ ತೊಳೆಯಬೇಕು. ಅಂಟು ಕೂಡದು, ಸೂಜಿ ದಾರವೇ ಆಗಬೇಕು. ಒಮ್ಮೆ ಅವಳ ಬೆಳ್ಳಿ ಓಲೆಯೊಂದು ಕಾಣೆಯಾಯಿತು. ಮನೆಯೆಲ್ಲ ಜಾಲಾಡಿದ ಮೇಲೆ ಅದು ಸಿಕ್ಕಿದ್ದು ಒಲೆಯ ಪಕ್ಕದ ಗಾಜಿನ ಬಾಟಲಿಯಲ್ಲಿ, ಒಂದು ಚೂರು ಉಣ್ಣೆಬಟ್ಟೆಯ ಜೊತೆ, ಇದ್ದಿಲಿನಂತೆ ಕಪ್ಪಾಗಿ.

"ನೋಡಿದ್ಯಾ!" ಆತ ಕುಣಿಯುವುದೊಂದು ಬಾಕಿ. "ಬೆಳ್ಳಿಗೇ ಹೀಗೆ ಮಾಡಿದೆ ಈ ಉಣ್ಣೆ. ಇದನ್ನ ಗೊಂಬೆ ಒಳಗೆ ಹಾಕಿದ್ರೆ ಮೇಲಿನ ಜರತಾರಿ ಗತಿ ಏನಾಗ್ತಿತ್ತು ಹೇಳು?"

"ಮೊದಲು ನನ್ನ ಕಿವಿ ಗತಿ ಹೇಳಿ."

ಓಲೆಯನ್ನು ಉಜ್ಜಿ ಹೊಳೆಯುವಂತೆ ಮಾಡಿ ಕೊಟ್ಟ. ಉಜ್ಜುತ್ತಲೇ ಪಾಠ: "ಹಳೇ ಬಟ್ಟೆಗೆ ಕತ್ತರಿ ತೋರಿಸಬಾರದು ಕಣೇ. ಮೈಗೆ ತಕ್ಕ ಹಾಗೆ ಅದನ್ನ ಬದಲಾಯಿಸೋ ಹಾಗಿಲ್ಲ. ಬಟ್ಟೆಗೆ ತಕ್ಕ ಹಾಗೆ ಮೈನೇ ಕಟ್ಟಬೇಕು." ಅವಳು ಅರ್ಧ ಕೇಳಿಸಿಕೊಂಡಿದ್ದಳು, ಇನ್ನರ್ಧ ಸಿಟ್ಟಿನಲ್ಲಿ ಬಿಟ್ಟಿದ್ದಳು.

* * *

ಕೋಟನ್ನು ಅಪ್ಪಿಕೊಂಡು ನಿಂತವಳಿಗೆ ಈ ಮಾತು ನೆನಪಾದದ್ದೇ ತಡ, ಗಂಡನ ಶಿಷ್ಯೆಗೆ ಫೋನ್ ಮಾಡಿದಳು. ಆತನ ಕೈಯಲ್ಲಿ ಪಳಗಿ ಈಗ ಆತನ ಜಾಗದಲ್ಲೇ ಕೆಲಸ ಮಾಡುವವಳು. ದೊಡ್ಡ ಚೀಲ ಹೊತ್ತು ಏದುಸಿರು ಬಿಡುತ್ತ ಬಂದಳು.

"ಏನು ತರಬೇಕು ಅಂತ ತೋಚಲಿಲ್ಲ ಅಮ್ಮ. ಕೈಗೆ ಸಿಕ್ಕಿದ್ದೆಲ್ಲ ತಂದೆ."

ಬಿಳಿ ನಾರಿನ ಮೆತ್ತನೆ ಹಾಸು, ಹೆಣೆದ ಹತ್ತಿಬಟ್ಟೆ, ಬಾಗಿದ ಸೂಜಿ ಒಂದೊಂದಾಗಿ ಹೊರಬಂದವು. ಬಾಗಿಲಲ್ಲಿ ಇಣುಕಿದ ಮೈದುನ, "ಮಣ್ಣಿಗೆ ಹೋಗೋದಕ್ಕೆ ಇಷ್ಟೆಲ್ಲ ಯಾಕೆ? ಹಳೇ ದಿಂಬಿನ ಹತ್ತಿ ಸಾಲ್ದಾ?" ಎಂದ.

"ತೊಳೀದೇ ಇರೋ ಹತ್ತಿ ಹಾಕಿದ್ರೆ ಸರ್ ಎದ್ದು ಕೂತು ಬೈತಾರೆ," ಎಂದಳು ಶಿಷ್ಯೆ. ಮೈದುನ ಬಾಗಿಲು ಎಳೆದುಕೊಂಡ.

ಹಾಸನ್ನು ಶಿಷ್ಯೆ ಕತ್ತರಿಸಲಿಲ್ಲ, ಕೈಯಲ್ಲೇ ಹರಿದಳು. ಹರಿದರೆ ಅಂಚು ತೆಳ್ಳಗಾಗಿ ಬಟ್ಟೆಯ ಮೇಲೆ ಗೆರೆ ಮೂಡುವುದಿಲ್ಲ. ಪದರದ ಮೇಲೆ ಪದರವಿಟ್ಟು, ಹತ್ತಿಬಟ್ಟೆ ಸುತ್ತಿ ಹೊಲಿದು, ಇಬ್ಬರೂ ಸೇರಿ ಕೋಟು ತೊಡಿಸಿದರು. ಎದೆ ತುಂಬಿತು, ತೋಳು ತುಂಬಿತು, ಎರಡೂ ಭುಜ ತಕ್ಕಡಿಯ ಹಾಗೆ ಸಮನಾಗಿ ನಿಂತವು.

"ಸರಿಹೋಯ್ತಾ ಅಮ್ಮ?"

ಅವಳು ತುಸು ಹೊತ್ತು ನೋಡಿದಳು. "ತುಂಬಾ ಚೆನ್ನಾಗಿದೆ. ಆದ್ರೆ ಇದು ಯಾರೋ ಲಕ್ಷಣವಾದ ಗಂಡಸು ಕಣಮ್ಮ. ನಮ್ಮನೆಯವರಲ್ಲ."

ಶಿಷ್ಯೆ ಕೆನ್ನೆ ಬಡಿದುಕೊಂಡಳು. ಮ್ಯೂಸಿಯಂನ ಅಭ್ಯಾಸದಲ್ಲಿ ಕೊರತೆಯಿಲ್ಲದ ಗೊಂಬೆಯೊಂದನ್ನು ಮಾಡಿಟ್ಟಿದ್ದಳು.

"ಮೇಜಿಗೆ ಬಗ್ಗಿ ಬಗ್ಗಿ ಬಲಭುಜ ಇಳಿದಿತ್ತು ಅವರದ್ದು," ಎನ್ನುತ್ತ ಹೆಂಡತಿಯೇ ಕೋಟಿನೊಳಗೆ ಕೈಹಾಕಿ ಒಂದು ಪದರ ಎಳೆದು ತೆಗೆದಳು. "ಹೊಟ್ಟೆಗೆ ಇನ್ನೂ ಹಾಕು."

"ಇಷ್ಟು ಸಾಕಲ್ವಾ ಅಮ್ಮ?"

"ನಿಂಗೇನು ಗೊತ್ತು? ಊಟ ಬಡಿಸಿದೋಳು ನಾನು."

ಶಿಷ್ಯೆ ನಕ್ಕಳು, ನಗುತ್ತಲೇ ಅತ್ತಳು. "ನಾನು ಮಾಡಿದ ಮೊದಲನೇ ಗೊಂಬೆ ನೆಟ್ಟಗೆ ನಿಲ್ತಾನೇ ಇರಲಿಲ್ಲ ಅಮ್ಮ. ಬೈತಾರೆ ಅಂತ ನಡುಗ್ತಿದ್ದೆ. ಸರ್ ಒಂದು ಕುರ್ಚಿ ತಂದು ಅದನ್ನ ಕೂರಿಸಿ, 'ಪಾಪ, ಸುಸ್ತಾಗಿದೆ, ನೀವಿಬ್ರೂ ಸ್ವಲ್ಪ ಹೊತ್ತು ಕೂತ್ಕೊಳ್ಳಿ' ಅಂದ್ರು."

ಈ ಕತೆ ಆತ ಮನೆಯಲ್ಲಿ ಹೇಳಿರಲಿಲ್ಲ. ಎಂದೋ ಸತ್ತುಹೋದ, ಗುರುತು ಪರಿಚಯವಿಲ್ಲದ ಜನರಿಗೆಲ್ಲ ಮೈ ಕೊಡುತ್ತ ಆಯುಸ್ಸು ಕಳೆದನಲ್ಲ ಎಂದು ಎಷ್ಟು ಗೊಣಗಿದ್ದಳು! ಈಗ ಅದೇ ವಿದ್ಯೆ ಅವಳ ಗಂಡನನ್ನು ಅವಳಿಗೆ ತಂದುಕೊಡುತ್ತಿತ್ತು. ಕಲಿಸಿದವನಿಗೂ, ಅವನಿಂದ ಕಲಿತು ಬಂದವಳಿಗೂ ಒಟ್ಟಿಗೆ ಹೇಳುವಂತೆ, "ದೊಡ್ಡ ಉಪಕಾರವಾಯ್ತು," ಎಂದಳು.

ಬಾಗಿಲು ದಡಾರನೆ ತೆರೆಯಿತು. "ಅತ್ತಿಗೆ, ಗಾಡಿ ಬಂ..." ಎನ್ನುತ್ತಿದ್ದ ಮೈದುನ ಮಂಚದ ಕಡೆ ನೋಡಿದ. "ಅಣ್ಣ," ಎಂದ. ನಿನ್ನೆಯಿಂದ ಒಂದು ಹನಿ ಕಣ್ಣೀರು ಹಾಕದವನು ಬಾಗಿಲಿಗೆ ಹಣೆಯಾನಿಸಿ ಅಳತೊಡಗಿದ.

"ಒಂದೇ ನಿಮಿಷ," ಎಂದಳು ಅವಳು. ನಡುವಿನ ಗುಂಡಿ ಮಾತ್ರ ಉಳಿದಿತ್ತು. ಕೋಟಿನ ಎರಡೂ ಅಂಚುಗಳನ್ನು ಹಿಡಿದು ಎಳೆದಳು. ಹೊಟ್ಟೆಯ ಮೇಲೆ ಬೆರಳಗಲ ಕಡಿಮೆ ಬಿತ್ತು. ಮತ್ತೆ ಎಳೆದಳು.

"ಸ್ವಲ್ಪ ಉಸಿರು ಒಳಗೆಳ್ಕೊಳ್ರೀ," ಎಂದು ಗದರಿಸಿ, ಗುಂಡಿ ಹಿಡಿದುಕೊಂಡು ಕಾದಳು.