ಕೆಳಗಿನ ಸ್ವಿಚ್ಚು

"ಅಮ್ಮಾ, ಇದ್ರೊಳಗೆ ಏನೂ ಇಲ್ಲ" ಎಂದು ಮಲ್ಲೇಶ್ ಹೇಳಿದಾಗ, ಅವನಿಗೆಂದು ತಂದಿದ್ದ ಕಾಫಿ ಲೋಟವನ್ನು ಶಾಂತಕುಮಾರಿ ಮೇಜಿನ ಮೇಲೆ ಇಡಲಿಲ್ಲ. ಕೈಯಲ್ಲೇ ಹಿಡಿದುಕೊಂಡು, "ಇನ್ನೊಂದ್ಸಲ ನೋಡು" ಎಂದರು.

"ಮೂರ್ ಸಲ ನೋಡಾಯ್ತು."

"ನಾಲ್ಕನೇ ಸಲ ನೋಡು. ಕಾಫಿ ಆಮೇಲೆ."

ಮಲ್ಲೇಶ್ ಚಿಕ್ಕಮಗಳೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವನು. ಆಲ್ದೂರಿನ ಈ ಮನೆಗೆ ಕಂಪ್ಯೂಟರು ತಂದು ಕೂರಿಸಿದವನೂ ಅವನೇ. ಅವನು ಮತ್ತೆ ಮೌಸಿನ ಮೇಲೆ ಕೈಯಿಟ್ಟ. ಎಲೆಅಡಿಕೆ ಡಬ್ಬಿಯಷ್ಟು ದೊಡ್ಡದಾದ ಕಪ್ಪು ಪೆಟ್ಟಿಗೆಯೊಂದು ಅವನ ಲ್ಯಾಪ್‌ಟಾಪಿಗೆ ತಗುಲಿಕೊಂಡು ಸಣ್ಣಗೆ ಗುಂಯ್ಗುಡುತ್ತಿತ್ತು. ಹಿಂದೆ ರಜನಿ ಅದನ್ನು ತೋರಿಸಿ ಹೇಳುತ್ತಿದ್ದಳು: "ಅಮ್ಮ, ನಾವೆಲ್ಲ ಮಲಗಿದ ಮೇಲೆ ಕಂಪ್ಯೂಟರು ತಾನೇ ಎದ್ದು ಎಲ್ಲದರ ಒಂದೊಂದು ಪ್ರತಿ ಮಾಡಿ ಇದರೊಳಗೆ ಇಡುತ್ತೆ. ಸಿಡಿಲು ಬಡಿದ್ರೂ ಚಿಂತೆ ಇಲ್ಲ."

ರಜನಿ ಅವರ ಒಬ್ಬಳೇ ಮಗಳು. ಮದುವೆಯ ಗೊಡವೆಗೆ ಹೋಗದೆ ಅಪ್ಪನ ಜತೆ ಕಾಫಿ ಖರೀದಿ ಅಂಗಡಿ ನಡೆಸಿದವಳು. ಸಂಕ್ರಾಂತಿ ಕಳೆದು ಜ್ವರವೆಂದು ಆಸ್ಪತ್ರೆ ಸೇರಿದಳು, ಮತ್ತೆ ಬಾಯಿಬಿಟ್ಟು ಮಾತಾಡದೆಯೇ ತೀರಿಕೊಂಡಳು. ಆ ಗಡಿಬಿಡಿಯಲ್ಲಿ ಅವಳ ಫೋನೂ ಎಲ್ಲೋ ಕಳೆದುಹೋಯಿತು. ಉಳಿದದ್ದು ಈ ಕಂಪ್ಯೂಟರು. ಯುಗಾದಿಯ ನಂತರದ ಮೊದಲ ಗುಡುಗುಮಳೆಗೆ ಅದೂ ಸತ್ತುಬಿದ್ದಿತ್ತು.

ಅದರೊಳಗೆ ಇದ್ದದ್ದಾದರೂ ಏನು? ಹೊರಗಿನವರು ಕೇಳಿದರೆ ನಗುತ್ತಿದ್ದರು. ಹಳೆಯ ಕಾಫಿ ರೇಟು. ದಿನಾ ಸಂಜೆ ಅಂಗಡಿಯಿಂದ ಬಂದು ಕಾಲು ತೊಳೆದು, ಈ ಕೋಣೆಯಲ್ಲಿ ಕೂತು, ರಜನಿ ಅವತ್ತಿನ ರೇಟನ್ನು ಬಾಯಲ್ಲಿ ಹೇಳಿ ತನ್ನ ದನಿಯಲ್ಲೇ ಕಂಪ್ಯೂಟರಿಗೆ ತುಂಬುತ್ತಿದ್ದಳು. ಅಲ್ಲಿಂದ ಅದು ವಸ್ತಾರೆಯವರೆಗಿನ ಬೆಳೆಗಾರರ ಫೋನುಗಳಿಗೆಲ್ಲ ಹೋಗುತ್ತಿತ್ತು. ಪಾರ್ಚ್‌ಮೆಂಟ್ ಕಾಫಿ ಇಷ್ಟು, ಚೆರಿ ಕಾಫಿ ಇಷ್ಟು, ಮೆಣಸು ಇಷ್ಟು. ಕಣದಲ್ಲಿ ಕಾಫಿ ಹರಡಿದವರು ಮುಚ್ಚಿಟ್ಟುಕೊಳ್ಳಿ, ಮೋಡ ಇದೆ. ಇಷ್ಟೇ. ಮೂರು ವರ್ಷ ಒಂದು ದಿನವೂ ತಪ್ಪಿಸಿದವಳಲ್ಲ.

ಬೆಳೆಗಾರರ ಹತ್ತಿರ ಒಂದಾದರೂ ಇದ್ದೀತೆಂದು ರಜನಿಯ ಅಪ್ಪ ಜಯದೇವಪ್ಪನವರು ಸಿಕ್ಕಸಿಕ್ಕವರನ್ನೆಲ್ಲ ಕೇಳಿದ್ದರು. ವಸ್ತಾರೆಯ ಜವರಯ್ಯ ಕೈಮುಗಿದು, "ದಿನಾ ಅಳಿಸ್ತಿದ್ದೆ ಕಣ್ರೀ. ನಾನು ಮಾರಿದ ಮಾರನೇ ದಿನಾನೇ ರೇಟ್ ಏರೋದು. ಹಳೇದನ್ನ ಇಟ್ಕೊಂಡು ಹೊಟ್ಟೆ ಉರಿಸ್ಕೊಳ್ಳೋದ್ಯಾಕೆ ಅಂತ" ಎಂದು ಕಣ್ಣೀರು ತಂದುಕೊಂಡಿದ್ದ. ಅಂದಿನಿಂದ ಜಯದೇವಪ್ಪನವರಿಗೆ ಒಂದೇ ಮಾತು. ಬೆಳಿಗ್ಗೆ ಎದ್ದರೆ, "ಮಲ್ಲೇಶ್ ಯಾವಾಗ ಬರ್ತಾನಂತೆ?" ಮಲಗುವಾಗ, "ಮಲ್ಲೇಶ್‌ಗೆ ಫೋನ್ ಮಾಡಿದ್ಯಾ?" ಅನ್ನದ ತಟ್ಟೆಯ ಮುಂದೆ ಕೂತರೆ ಕೈ ಅಲ್ಲಲ್ಲೇ ನಿಂತುಬಿಡುತ್ತಿತ್ತು.

"ಒಂಚೂರು ಸಿಕ್ತು ನೋಡಿ" ಎಂದ ಮಲ್ಲೇಶ್. "ಮೂರು ವರ್ಷದ ಹಿಂದಿಂದು. ಶಿವರಾತ್ರಿ ಆಸುಪಾಸು ಒಂದು ವಾರದ್ದು. ಆಮೇಲೆ ಬ್ಯಾಕಪ್ ಆಗೇ ಇಲ್ಲ."

"ಯಾಕಾಗಿಲ್ಲ?"

"ನಡುರಾತ್ರಿ ಆಗ್ಬೇಕು ಅಂತ ರಜನಿ ಅಕ್ಕ ಟೈಮ್ ಇಟ್ಟಿದ್ರು. ಆ ಹೊತ್ತಿಗೆ ಕಂಪ್ಯೂಟರು ಆನ್ ಇರ್ಬೇಕು. ಇಲ್ಲಾಂದ್ರೆ ಅವತ್ತಿಂದು ತಪ್ಪೇ ಹೋಯ್ತು. ಹಗಲು ಹೊತ್ತಲ್ಲಾದ್ರೂ ಮಾಡು ಅಂತ ಒಂದು ಟಿಕ್ ಹಾಕ್ಬೇಕಿತ್ತು, ಅಕ್ಕ ಹಾಕಿರ್ಲಿಲ್ಲ ಅನ್ಸುತ್ತೆ. ರಾತ್ರಿ ಯಾರಾದ್ರೂ ಸ್ವಿಚ್ ತೆಗೀತಿದ್ರಾ?"

ಶಾಂತಕುಮಾರಿಗೆ ನೆನಪಾಯಿತು. ಬೆಳಿಗ್ಗೆ ಕಂಪ್ಯೂಟರು ಹಾಕಿದಾಗ ಪರದೆಯ ಮೂಲೆಯಲ್ಲೊಂದು ಸಣ್ಣ ಎಚ್ಚರಿಕೆಯ ಚೌಕ ಎದ್ದು ಬರುತ್ತಿತ್ತು. "ರಾತ್ರಿ ಮತ್ತೆ ಕರೆಂಟ್ ಹೋಗಿತ್ತು ಅಂತ ಕಾಣುತ್ತೆ" ಎಂದು ಗೊಣಗಿ ರಜನಿ ಅದನ್ನು ಮುಚ್ಚಿಬಿಡುತ್ತಿದ್ದಳು. ಆಲ್ದೂರಿನಲ್ಲಿ ಕರೆಂಟು ಹೋಗುವುದು ಹೊಸದೇನಲ್ಲವಲ್ಲ.

"ಒಂದು ಹಾಕು" ಎಂದರು.

ಮಲ್ಲೇಶ್ ಒತ್ತಿದ. ಕೋಣೆಯೊಳಗೆ ರಜನಿ ಮಾತಾಡಿದಳು.

"ನಮಸ್ಕಾರ, ಆಲ್ದೂರಿಂದ ರಜನಿ. ಇವತ್ತಿನ ರೇಟು." ಹಿಂದೆ ಎಲ್ಲೋ ಕುಕ್ಕರು ಕೂಗಿತು. ರೇಟು ಹೇಳಿ ಮುಗಿಸಿ ಅವಳೆಂದಳು: "ಅಪ್ಪ ಶ್ರೀಶೈಲಕ್ಕೆ ಹೋಗಿದಾರೆ, ಅವರು ಬರೋ ತನಕ ಅಂಗಡಿ ಬೇಗ ಮುಚ್ಚುತ್ತೆ. ಚೀಲ ತರೋರು ಮಧ್ಯಾಹ್ನದೊಳಗೆ ತನ್ನಿ. ನಮ್ಮಪ್ಪನ ಹಾಗೆ ಕಾಯ್ತಾ ಕೂರೋಳಲ್ಲ ನಾನು."

ನಡುಮನೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದ ಗಿರಿಜಾಂಬಾ ಎದ್ದು ಬಂದು ಬಾಗಿಲಲ್ಲಿ ನಿಂತರು. ಜಯದೇವಪ್ಪನವರ ಅಕ್ಕ; ಗಂಡ ತೀರಿದ ಮೇಲೆ ತಮ್ಮನ ಮನೆಯಲ್ಲೇ ಇರುವವರು. ಸೆರಗಿನಲ್ಲಿ ಬಾಯಿ ಒತ್ತಿಕೊಂಡು ಕೇಳಿದರು. ಮುಗಿದ ಮೇಲೆ ಕಣ್ಣೊರೆಸಿಕೊಂಡು, "ಸಾಕು ಶಾಂತಾ, ಇದನ್ನ ಇಲ್ಲಿಗೇ ಬಿಡು" ಎಂದರು. "ದೇಹಾನೇ ಮಣ್ಣಿಗೆ ಕೊಟ್ಟಿದ್ದೀವಿ. ದನಿ ಹಿಡಿದಿಟ್ಕೊಂಡ್ರೆ ಅವಳ ಜೀವಕ್ಕೆ ಶಾಂತಿ ಎಲ್ಲಿಂದ ಬರುತ್ತೆ?"

"ದೇಹ ಮಣ್ಣಿಗೆ ಕೊಡೋದು ನಮ್ಮ ಪದ್ಧತಿ, ಕೊಟ್ಟೆ. ದನೀನೂ ಕೊಡಿ ಅಂತ ಯಾವ ಸ್ವಾಮಿಗಳೂ ನನ್ನ ಕೇಳಿಲ್ಲ, ಅತ್ತಿಗೆ."

"ನಿನ್ ಜತೆ ಮಾತಾಡೋದೂ ಒಂದೆ, ಆ ಗೋಡೆ ಜತೆ ಮಾತಾಡೋದೂ ಒಂದೆ."

"ಗೋಡೆ ನಿಮಗೆ ಕಾಫಿ ಮಾಡಿ ಕೊಡಲ್ಲ."

ಬಾಯಿ ಹೀಗೆ ಆಡುತ್ತಿದ್ದರೂ ಶಾಂತಕುಮಾರಿಯ ಮನಸ್ಸು ಶ್ರೀಶೈಲದಲ್ಲಿ ಸಿಕ್ಕಿಕೊಂಡಿತ್ತು. ಕಂಪ್ಯೂಟರು ಮನೆಗೆ ಬಂದ ವಾರವೇ ಅಕ್ಕ ತಮ್ಮ ಇಬ್ಬರೂ ಯಾತ್ರೆಗೆ ಬಸ್ಸು ಹತ್ತಿದ್ದರು. ಮಂಡಿನೋವೆಂದು ತಾವು ಮನೆಯಲ್ಲೇ ಉಳಿದಿದ್ದರು. ಆ ಒಂದು ವಾರದ್ದು ಮಾತ್ರ ಇದೆ. ಯಜಮಾನರು ಮನೆಗೆ ಬಂದ ದಿನದಿಂದ ಒಂದೂ ಇಲ್ಲ.

ರಾತ್ರಿ ಊಟವಾದ ಮೇಲೆ ಮನೆಯೆಲ್ಲ ಸುತ್ತಿ ದೀಪ ಆರಿಸುವುದು ಜಯದೇವಪ್ಪನವರ ಕಾಯಕ. ರಜನಿಯ ಕೋಣೆ ಕೊನೆಯದು. ಅವಳು ಎಲ್ಲವನ್ನೂ ಉರಿಸಿಟ್ಟು ಮಲಗುವವಳು. ಅವರು ಬಾಗಿಲಲ್ಲಿ ನಿಂತು ದಿನಾ ಅದೇ ಮಾತು, "ಕರೆಂಟೇನು ನಿಮ್ಮಪ್ಪನ ಮನೇದಾ?" ಹೊದಿಕೆಯೊಳಗಿಂದ ದಿನಾ ಅದೇ ಉತ್ತರ, "ಹೌದು, ನಮ್ಮಪ್ಪನ ಮನೇದೇ." ಅವರು ನಗುವನ್ನು ಮೀಸೆಯಲ್ಲಿ ಅಡಗಿಸಿಕೊಂಡು, ಬಾಗಿಲ ಪಕ್ಕದ ಬೋರ್ಡಿನ ಮೇಲೆ ಕತ್ತಲಲ್ಲೇ ಅಂಗೈಯನ್ನು ಕೆಳಗಿನಿಂದ ಮೇಲಕ್ಕೆ ಸವರಿದರೆ ಎಲ್ಲಾ ಸ್ವಿಚ್ಚುಗಳೂ ಒಟ್ಟಿಗೆ ಟಕಟಕನೆ ಆರುತ್ತಿದ್ದವು. ಮೇಲಿನ ಮೂರು ದೀಪಕ್ಕೆ, ಫ್ಯಾನಿಗೆ. ಕೆಳಗಿನದು ಕಂಪ್ಯೂಟರಿನ ಪ್ಲಗ್ಗಿಗೆ. ಬೆಳಿಗ್ಗೆ ರಜನಿಯೂ ಹಾಗೇ ಅಂಗೈ ಸವರಿ ಎಲ್ಲವನ್ನೂ ಒಟ್ಟಿಗೆ ಹಾಕುವವಳು; ಕೆಳಗಿನದೂ ಆರಿತ್ತೆಂಬುದು ಅವಳ ಗಮನಕ್ಕೆ ಬರುತ್ತಿರಲಿಲ್ಲ. ಮಗಳು ಹೋದ ಮೇಲೂ ಅವರು ಆ ಬಾಗಿಲಿಗೆ ಹೋಗಿ ಕೈ ಸವರಿ ಬರುವುದನ್ನು ಬಿಟ್ಟಿರಲಿಲ್ಲ.

ಶಾಂತಕುಮಾರಿ ಕಾಫಿ ಲೋಟವನ್ನು ಮೇಜಿನ ಮೇಲಿಟ್ಟರು.

ಹೊರಗೆ ಚಪ್ಪಲಿ ಬಿಟ್ಟ ಸದ್ದಾಯಿತು. ಮಲ್ಲೇಶನ ಬೈಕು ನೋಡಿಯೇ ಇರಬೇಕು, ಕಾಲು ಕೂಡ ತೊಳೆಯದೆ ಜಯದೇವಪ್ಪನವರು ನೇರ ಕೋಣೆಗೆ ಬಂದರು. "ಸಿಕ್ತಾ?"

"ಕೂತ್ಕೊಳಿ ಯಜಮಾನ್ರೆ" ಎಂದ ಮಲ್ಲೇಶ್, ಅದೇ ವಾರದ ಇನ್ನೊಂದನ್ನು ಹಾಕಿದ. ಅದರಲ್ಲೂ ರಜನಿ ಅಪ್ಪ ಊರಲ್ಲಿಲ್ಲವೆಂದೇ ಹೇಳಿದಳು. ಅವರು ಕುರ್ಚಿಯ ತುದಿಯಲ್ಲಿ ಕೂತು, ಹೆಗಲ ಮೇಲಿನ ವಸ್ತ್ರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿದರು.

"ಉಳಿದದ್ದು?"

"ಇದರಲ್ಲಿ ಇಷ್ಟೇ ಇರೋದು. ಆಮೇಲೆ ದಿನಾ ರಾತ್ರಿ ಯಾರೋ ಸ್ವಿಚ್..."

"ನಾನು" ಎಂದರು ಶಾಂತಕುಮಾರಿ. "ನಾನು ಆರಿಸ್ತಿದ್ದೆ."

ಜಯದೇವಪ್ಪನವರು ತಲೆಯೆತ್ತಿ ಹೆಂಡತಿಯನ್ನು ನೋಡಿದರು. "ನೀನಲ್ಲ ಶಾಂತಾ. ಆರಿಸ್ತಿದ್ದೋನು..."

"ನೀವು ಆರಿಸ್ತಿದ್ದದ್ದು ಲೈಟು, ಫ್ಯಾನು. ಮೇಲಿನ ಮೂರು. ಕೆಳಗಿನ ಸ್ವಿಚ್ಚಿಗೆ ನಿಮ್ಮ ಕೈ ಯಾವತ್ತು ಹೋಗಿತ್ತು? ನೀವು ಮಲಗಿದ ಮೇಲೆ ನೀರು ಕುಡಿಯೋಕೆ ಎದ್ದು ಬಂದು ಅದನ್ನ ನಾನು ತೆಗೀತಿದ್ದೆ. ಸಿಡ್ಲಿಗೆ ಸುಟ್ಟುಹೋದೀತು ಅಂತ."

"ಅಲ್ಲ, ನಾವು ಶ್ರೀಶೈಲಕ್ಕೆ ಹೋದಾಗ ನೀನು ಇಲ್ಲೇ ಇದ್ಯಲ್ಲೇ" ಎಂದರು ಗಿರಿಜಾಂಬಾ. "ಆ ವಾರ ಯಾಕೆ ತೆಗೀಲಿಲ್ಲ?"

ಶಾಂತಕುಮಾರಿ ತಿರುಗಿ ನೋಡಿದರು. ಕಣ್ಣಲ್ಲಿ ನೀರಿರಲಿಲ್ಲ; ಇನ್ನೊಂದು ಮಾತಾಡಿ, ನೋಡೋಣ ಎಂಬಂಥ ನೋಟ. "ಆ ವಾರ ಇದೇ ಕೋಣೇಲಿ ಅವಳ ಪಕ್ಕ ಮಲಗ್ತಿದ್ದೆ ಅತ್ತಿಗೆ. ಮಾತಾಡ್ತಾ ಮರೀತಿದ್ದೆ. ಇನ್ನೇನಾದ್ರೂ ಕೇಳೋದಿದ್ಯಾ?"

ಗಿರಿಜಾಂಬಾ ತಮ್ಮನ ಕಡೆ ನೋಡಿದರು. ಜಯದೇವಪ್ಪನವರು ಬಲಗೈಯನ್ನು ಮೊಣಕಾಲ ಮೇಲೆ ಬಿಚ್ಚಿಟ್ಟುಕೊಂಡು ನೋಡುತ್ತಿದ್ದರು. ಬೇರೆ ಯಾರದೋ ಕೈಯೇನೋ ಎಂಬಂತೆ. ಆ ನೋಟ ಕಂಡದ್ದೇ ಮುದುಕಿಯ ಮುಖದ ಬಿಗಿ ಸಡಿಲಾಯಿತು.

"ಹೂಂ ಮತ್ತೆ" ಎಂದರು. "ನನಗೂ ಈಗ ನೆನಪಾಯ್ತು. ಬಚ್ಚಲಿಗೆ ಎದ್ದಾಗ ಎಷ್ಟು ಸಲ ನೋಡಿಲ್ಲ ನಾನು. ಇವಳೇ ಅಲ್ಲಿ ಬಗ್ಗಿ ಏನೋ ತೆಗೀತಿದ್ಲು. ಸಿಡ್ಲು ಅಂದ್ರೆ ಇವಳಿಗೆ ಮೊದಲಿಂದ್ಲೂ ಜೀವ ಬಾಯಿಗೆ ಬರುತ್ತೆ."

ಶಾಂತಕುಮಾರಿ ಸಿಡಿಲಿಗೆ ಹೆದರಿದ್ದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಮಲ್ಲೇಶ್ ಅವರಿಬ್ಬರ ಮುಖ ನೋಡಿ, ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದ.

"ಇನ್ನೊಂದು ದಾರಿ ಇದೆ" ಎಂದ. "ಕಂಪ್ಯೂಟರಿನ ಒಳಗಿನ ಡಿಸ್ಕು ಪೂರ್ತಿ ಸತ್ತಿಲ್ಲ. ಕೊನೇ ಉಸಿರಲ್ಲಿದೆ. ಒಂದು ಪ್ರೋಗ್ರಾಂ ಹಾಕಿ ಬಿಡ್ತೀನಿ, ಬೆಳಗಿನ ತನಕ ಕೆರೆದು ಕೆರೆದು ಸಿಕ್ಕಿದ್ದನ್ನ ತೆಗೆಯುತ್ತೆ. ಮಧ್ಯದಲ್ಲಿ ನಿಂತ್ರೆ ಮಾತ್ರ ಡಿಸ್ಕು ಮತ್ತೆ ಏಳಲ್ಲ. ಕರೆಂಟು ಹೋದ್ರೆ ಅಂತ ಬ್ಯಾಟರಿ ತಂದಿದೀನಿ, ಅದು ಸ್ವಲ್ಪ ಹೊತ್ತು ತಡ್ಕೊಳುತ್ತೆ, ರಾತ್ರಿಯೆಲ್ಲ ತಡೆಯಲ್ಲ. ಎಷ್ಟು ಸಿಗುತ್ತೋ ಹೇಳಕ್ಕಾಗಲ್ಲಮ್ಮ. ಏನೂ ಸಿಗದೇನೂ ಇರ್ಬಹುದು. ದುಡ್ಡಿಗಾಗಿ ಹೇಳ್ತಿಲ್ಲ, ಆಸೆ ಇಟ್ಕೋಬೇಡಿ ಅಂತ ಹೇಳ್ತಿದೀನಿ."

"ಆಸೆ ಇಟ್ಕೊಳ್ಳೋದು ಬಿಡೋದು ನನಗೆ ಬಿಡು ಮಾರಾಯ. ನೀನು ಹಾಕು."

ಅವನು ತಂತಿಗಳನ್ನು ಸಿಕ್ಕಿಸಿ, ಎಲ್ಲವನ್ನೂ ಮತ್ತೊಮ್ಮೆ ಅದುಮಿ ನೋಡಿ, ಬೆಳಿಗ್ಗೆ ಬರುತ್ತೇನೆಂದು ಬೈಕು ಹತ್ತಿದ. ಸಂಜೆ ಮೋಡ ಕಟ್ಟಿತು, ಸಿಡಿಲು ದೂರದಲ್ಲೇ ಎರಡು ಸಲ ಮಿಂಚಿ ಸುಮ್ಮನಾಯಿತು. ಒಳಗೆ ಡಿಸ್ಕು ಕಲ್ಲಿನ ಮೇಲೆ ಕತ್ತಿ ಮಸೆದಂತೆ ಕಿರುಗುಟ್ಟುತ್ತಲೇ ಇತ್ತು.

ರಾತ್ರಿ ಊಟಕ್ಕೆ ಕೂತರು. ಗಿರಿಜಾಂಬಾ ಶಾಂತಕುಮಾರಿಯ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಸಾರು ಬಡಿಸಿದರು. ಮೂವತ್ತೈದು ವರ್ಷದಲ್ಲಿ ಅತ್ತಿಗೆ ತಾನಾಗಿ ತನಗೆ ಬಡಿಸಿದ್ದು ಇದೇ ಮೊದಲೇನೋ ಎಂದು ಶಾಂತಕುಮಾರಿಗೆ ಅನ್ನಿಸಿತು. ಬೇಡವೆನ್ನದೆ ಉಂಡರು.

ಕೈತೊಳೆದುಕೊಂಡು ಜಯದೇವಪ್ಪನವರು ಎದ್ದರು. ಎಂದಿನ ಹಾಗೆ ಅಡುಗೆಮನೆಯ ದೀಪ ಆರಿಸಿದರು. ನಡುಮನೆಯದು ಆರಿಸಿದರು. ರಜನಿಯ ಕೋಣೆಯ ಬಾಗಿಲಿಗೆ ಬಂದು ನಿಂತರು. ಶಾಂತಕುಮಾರಿ ಆಗಲೇ ಅಲ್ಲಿ, ಬೋರ್ಡಿಗೆ ಬೆನ್ನು ಕೊಟ್ಟು, ಕುರ್ಚಿ ಹಾಕಿಕೊಂಡು ಕೂತಿದ್ದರು. ಯಾರು ಬಂದರೂ ಏಳುವುದಿಲ್ಲ ಎನ್ನುವ ಹಾಗೆ.

ಅವರು ಕೈಯೆತ್ತಲಿಲ್ಲ. ಸ್ವಲ್ಪ ಹೊತ್ತು ಆ ಕಿರುಗುಟ್ಟುವ ಸದ್ದನ್ನೇ ಕೇಳಿದರು.

"ದಿನಾ ನೀನೇ ಆರಿಸ್ತಿದ್ದೆ ಅಂದ್ಯಲ್ಲ" ಎಂದರು ಕೊನೆಗೆ.

"ಹೂಂ. ನಾನೇ."

"ಹಾಗಾದ್ರೆ ಇವತ್ತು ಆರಿಸ್ಬೇಡ."

"ಇಲ್ಲ. ಆರ್ಸಲ್ಲ."

ಅವರು ಒಳಗೆ ಬಂದು, ಮಗಳ ಮಂಚದ ಮೇಲೆ ಕೂರದೆ, ಅದರ ಕಾಲಿಗೆ ಒರಗಿ ನೆಲದ ಮೇಲೆ ಕೂತರು. ನಂಬಿದರೋ ಇಲ್ಲವೋ ಅವರು ಹೇಳಲಿಲ್ಲ, ಶಾಂತಕುಮಾರಿ ಕೇಳಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಗಿರಿಜಾಂಬಾ ಚಾಪೆ, ಎರಡು ದಿಂಬು ತಂದು ಹಾಕಿ, "ನಾನು ನಡುಮನೇಲೇ ಇರ್ತೀನಿ, ನಿದ್ದೆ ಬಂದ್ರೆ ಕೂಗಿ" ಎಂದು ಹೇಳಿ ಹೋದರು.

ಅವತ್ತಿನ ಗಲಾಟೆಯಲ್ಲಿ ಸಂಜೆಯ ಪೂಜೆ ಹಾಗೇ ಉಳಿದಿತ್ತು. ಶಾಂತಕುಮಾರಿ ಮುಖ ತೊಳೆದು, ವಿಭೂತಿ ಧರಿಸಿ, ಅದೇ ಕುರ್ಚಿಗೆ ಮರಳಿ ಬಂದು, ಕೊರಳಿನ ಇಷ್ಟಲಿಂಗವನ್ನು ಎಡಗೈಯೊಳಗೆ ಇಟ್ಟುಕೊಂಡರು. ಮಂತ್ರ ಬಾಯಿಗೆ ಬರಲಿಲ್ಲ. ಬಂದದ್ದನ್ನೇ, ತುಟಿಯಲುಗದ ಹಾಗೆ, ಹೇಳಿಕೊಂಡರು.

"ಶಿವನೇ, ನಮ್ಮ ಹುಡುಗಿ ನಿನ್ನಲ್ಲಿಗೆ ಬಂದಿದಾಳೆ. ಯಾಕೆ ಕರೆಸಿಕೊಂಡೆ ಅಂತ ಕೇಳೋದನ್ನ ನಾನಿನ್ನೂ ಬಿಟ್ಟಿಲ್ಲ, ಬಿಡೋದೂ ಇಲ್ಲ. ಇವತ್ತು ಆಡಿದ ಸುಳ್ಳು ನಂದು. ಇವರ ಹತ್ತಿರ, ಅತ್ತಿಗೆ ಹತ್ತಿರ ಅದಕ್ಕೆ ಲೆಕ್ಕ ಕೇಳಬೇಡ. ನಿನ್ನೆದುರು ನಿಲ್ಲಿಸಿ ಕೇಳಿದರೂ ನಾನೇ ಆರಿಸ್ತಿದ್ದೆ ಅಂತಲೇ ಹೇಳ್ತೀನಿ. ಈ ಪೆಟ್ಟಿಗೆಯಿಂದ ಏನು ಕೊಡ್ತೀಯೋ ಬಿಡ್ತೀಯೋ ನಿನ್ನಿಷ್ಟ. ಅವಳದು ಸ್ವಲ್ಪ ಮಾತು ಜಾಸ್ತಿ. ಗದರಿಸಬೇಡ, ಕೇಳಿಸಿಕೋ. ಆಸ್ಪತ್ರೆಯಲ್ಲಿ ಬಹಳ ನೋವು ತಿಂದಿದಾಳೆ. ಇನ್ನು ಯಾವ ನೋವೂ ಅವಳನ್ನ ಮುಟ್ಟದ ಹಾಗೆ ನಿನ್ನ ಹತ್ತಿರವೇ ಇಟ್ಟುಕೋ. ಅವಳ ಜೀವಕ್ಕೆ ಶಾಂತಿ ಕೊಡು, ತಂದೆ."