ದಿನಕ್ಕೆರಡು ಎಂಟು ಗಂಟೆ

ಶನಿವಾರ ಬೆಳಿಗ್ಗೆ ಏಳು ಇಪ್ಪತ್ತೆರಡಕ್ಕೆ ಗಡಿಯಾರ ರಿಪೇರಿಯವರ ಪೋಸ್ಟಿನ ಕೆಳಗೆ ಒಂದು ಪ್ರಶ್ನೆ ಬಂತು: ‘ರಾತ್ರಿ ಎಂಟಕ್ಕೆ ಅಂತ ಇಟ್ಟರೆ ಬೆಳಿಗ್ಗೆ ಎಂಟಕ್ಕೂ ಬಾರಿಸುತ್ತಲ್ಲ, ಬೇಕಂತಲೇ ಮಾಡಿದ್ದಾ?’

ಕೇಳಿದವನು ಆ ಗುಂಪಿನಲ್ಲಿ ಕಿರಿಕಿರಿ ಎಂಬ ಹೆಸರಿಟ್ಟುಕೊಂಡಿದ್ದ. ಹೊಸದಾಗಿ ಪ್ರೋಗ್ರಾಮಿಂಗ್ ಕಲಿಯುವವರು ತಮ್ಮ ಮೊದಮೊದಲ ಕೆಲಸಗಳನ್ನು ತಂದು ತೋರಿಸುವ ಆನ್‌ಲೈನ್ ಗುಂಪು ಅದು. ಭೇಷ್ ಅನ್ನುವ ಮೊದಲು ಒಂದಾದರೂ ಪ್ರಶ್ನೆ ಕೇಳಬೇಕೆಂಬುದು ಅಲ್ಲಿನ ನಿಯಮ. ಮಂಗಳವಾರ ಹಾಕಿದ ಈ ಪೋಸ್ಟಿಗೆ ನೂರ ನಲವತ್ತು ಜನ ಭೇಷ್ ಅಂದಿದ್ದರು. ಪ್ರಶ್ನೆ ಕೇಳಿದವನು ಇವನೊಬ್ಬನೇ.

ರಿಪೇರಿಯವರಿಗೆ ಐವತ್ತಾರು ವರ್ಷ. ಎರಡು ಹೊತ್ತೂ ರಕ್ತದೊತ್ತಡದ ಮಾತ್ರೆ ನುಂಗಬೇಕು, ಎರಡು ಹೊತ್ತೂ ಮರೆಯುತ್ತಾರೆ. ಅದಕ್ಕೆಂದೇ ಆರು ತಿಂಗಳು ಕಲಿತು ಈ ಪ್ರೋಗ್ರಾಂ ಬರೆದಿದ್ದರು. ಹೊತ್ತಿಗೆ ಸರಿಯಾಗಿ ಫೋನು ಗಂಟೆ ಬಾರಿಸಿ, ಅವರ ಹೆಂಡತಿಯ ಧ್ವನಿಯಲ್ಲಿ, ‘ಮಾತ್ರೆ ತಗೊಳ್ಳಿ. ಆಮೇಲೆ ಅನ್ಬೇಡಿ’ ಎನ್ನುತ್ತಿತ್ತು.

ಕೋಡ್ ತೆರೆದು ನೋಡಿದರು. ತಪ್ಪು ಹದಿನೇಳನೇ ಸಾಲಿನಲ್ಲೇ ಇತ್ತು. ಮೂವತ್ತು ವರ್ಷ ಗಡಿಯಾರಗಳ ಹನ್ನೆರಡು ಅಂಕಿಯ ಮುಖಗಳನ್ನೇ ನೋಡಿದವರು ದಿನವನ್ನೂ ಹನ್ನೆರಡಕ್ಕೇ ಮುಗಿಸಿದ್ದರು. ಹಗಲು ಯಾವುದು, ರಾತ್ರಿ ಯಾವುದು ಎಂದು ಪ್ರೋಗ್ರಾಮಿಗೆ ಗೊತ್ತೇ ಇರಲಿಲ್ಲ. ಅವರ ಮಾತ್ರೆ ಬೆಳಿಗ್ಗೆ ಎಂಟಕ್ಕೂ ಇತ್ತು, ರಾತ್ರಿ ಎಂಟಕ್ಕೂ ಇತ್ತು. ಹಾಗಾಗಿ ತಪ್ಪು ಕಣ್ಣಿಗೆ ಬಿದ್ದಿರಲಿಲ್ಲ.

ಸಾಲು ತಿದ್ದಿದರು, ಹೊಸ ಪ್ರತಿ ಗುಂಪಿಗೆ ಏರಿಸಿದರು. ಅದಕ್ಕೆ ಒಂಬತ್ತು ನಿಮಿಷ ಹಿಡಿಯಿತು. ಆಮೇಲೆ ಗುರುವಾರ ರಾತ್ರಿಯ ಒಂದು ಮಾತು ನೆನಪಾಗಿ ಪೋಸ್ಟನ್ನು ಕೆಳಗೆ ಜಾರಿಸಿ ಹುಡುಕಿದರು.

ಬರೆದಾಕೆಯ ಹೆಸರು ‘ಮೂರನೇ ಮಹಡಿ’. ಅಪ್ಪನಿಗೆ ರಕ್ತ ಹೆಪ್ಪುಗಟ್ಟದಂತೆ ದಿನಕ್ಕೆ ಒಂದೇ ಮಾತ್ರೆ, ರಾತ್ರಿ ಎಂಟಕ್ಕೆ. ಇವತ್ತೇ ಅವರ ಫೋನಿಗೆ ಹಾಕಿಕೊಟ್ಟೆ, ನನ್ನ ಮಾತು ಕೇಳದವರು ನಿಮ್ಮ ಮನೆಯವರ ಮಾತು ಕೇಳುತ್ತಿದ್ದಾರೆ ಎಂದಿತ್ತು.

ರಿಪೇರಿಯವರು ಬೆರಳು ಮಡಿಸಿದರು. ಗುರುವಾರ ರಾತ್ರಿ, ಶುಕ್ರವಾರ ಬೆಳಿಗ್ಗೆ, ಶುಕ್ರವಾರ ರಾತ್ರಿ. ಒಂದು ಮಾತ್ರೆ ಆಗಲೇ ಹೆಚ್ಚಾಗಿದೆ, ಅದು ಹೆಚ್ಚಾದರೆ ರಕ್ತಸ್ರಾವವಾಗಬಹುದು. ಇನ್ನೊಂದಕ್ಕೆ ಇಪ್ಪತ್ತೇಳು ನಿಮಿಷ ಉಳಿದಿತ್ತು. ತಿದ್ದಿದ ಪ್ರತಿ ಗುಂಪಿನಲ್ಲಿತ್ತು. ಆ ಫೋನಿನಲ್ಲಿ ಇದ್ದದ್ದು ಹಳೆಯದೇ.

ಆಕೆಗೆ ಬರೆದರು. ಸಂದೇಶ ಹೋಯಿತು, ಆಕೆ ಓದಲಿಲ್ಲ. ಗುಂಪಿನಲ್ಲಿ ಎಲ್ಲರಿಗೂ ಕಾಣುವಂತೆ ಬರೆದರು: ನನ್ನ ಪ್ರೋಗ್ರಾಂ ತಪ್ಪಾಗಿದೆ, ಬಳಸುತ್ತಿರುವವರು ಈಗಲೇ ಅಳಿಸಿ, ಮೂರನೇ ಮಹಡಿಯವರು ಯಾರಿಗಾದರೂ ಗೊತ್ತಾ? ಒಬ್ಬ, ಗಡಿಯಾರದವರಿಗೇ ಟೈಮ್ ಗೊತ್ತಿಲ್ಲವಾ ಎಂದು ಕೇಳಿ ನಗುವ ಮುಖ ಹಾಕಿದ. ಇನ್ನೊಬ್ಬಾಕೆ, ಅವರು ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಾರೆ, ಆರಕ್ಕೇ ಪಾಳಿ, ಹತ್ತರವರೆಗೆ ಫೋನು ಲಾಕರಿನಲ್ಲಿರುತ್ತದೆ ಎಂದಳು. ಯಾವ ಕಾರ್ಖಾನೆ ಎಂದು ಅವಳಿಗೂ ಗೊತ್ತಿರಲಿಲ್ಲ.

ಹೆಂಡತಿ ಒಳಗಿನಿಂದ ಬಂದು ನಿಂತರು. ವಿಷಯ ಕೇಳಿ, ಮನೆ ವಿಳಾಸ ಇಲ್ಲವಾ ಎಂದರು. ಇಲ್ಲ ಎಂದರು ಇವರು.

ಏಳು ನಲವತ್ತಾರಕ್ಕೆ ಕಿರಿಕಿರಿ ಒಂದು ಫೋನ್ ನಂಬರ್ ಕಳಿಸಿದ. ಮೂರನೇ ಮಹಡಿಯ ಮೊದಲ ಕೆಲಸವನ್ನು ಅವನು ಹುಡುಕಿ ತೆಗೆದಿದ್ದ. ಲಿಫ್ಟ್ ಕೆಟ್ಟರೆ ಕಟ್ಟಡದ ವಾಚ್‌ಮನ್‌ಗೆ ಸಂದೇಶ ಕಳಿಸುವ ಪುಟ್ಟ ಪ್ರೋಗ್ರಾಂ. ಕೋಡಿನೊಳಗೆ ಆತನ ನಿಜವಾದ ನಂಬರೇ ಇತ್ತು. ‘ಹೀಗೆಲ್ಲ ನಂಬರ್ ಇಡಬಾರದು, ತೆಗೀರಿ ಅಂತ ಎರಡು ಸಲ ಬೈದಿದ್ದೆ. ಪುಣ್ಯಕ್ಕೆ ತೆಗೆದಿಲ್ಲ,’ ಎಂದು ಬರೆದಿದ್ದ.

ಹೆಂಡತಿಯ ಫೋನಿನಿಂದ ಕರೆ ಮಾಡಿದರು. ಎರಡು ಸಲ ಎತ್ತಲಿಲ್ಲ. ಮೂರನೇ ಸಲ, ಏಳು ಐವತ್ತೊಂದಕ್ಕೆ, ವಾಚ್‌ಮನ್ ಎತ್ತಿದ. ರಿಪೇರಿಯವರು ತಾವು ಯಾರು, ಮಗಳು ಕಾರ್ಖಾನೆಗೆ ಹೋಗುವ ಮೂರನೇ ಮಹಡಿಯ ಮನೆಯಲ್ಲಿ ಏನಾಗಬೇಕು ಎಂದು ಒಂದೇ ಉಸಿರಿಗೆ ಹೇಳಿದರು.

‘ಅವರ ಮನೆ ಗಡಿಯಾರ ಕೆಟ್ರೆ ನನಗ್ಯಾಕೆ ಸ್ವಾಮಿ ಫೋನು?’

‘ಗಡಿಯಾರ ಅಲ್ಲಪ್ಪ. ಅವರ ಫೋನಲ್ಲಿ ಮಾತ್ರೆ ತಗೊಳ್ಳಿ ಅಂತ ಒಂದು ಧ್ವನಿ ಬರತ್ತೆ. ಅದನ್ನ ಮಾಡಿದ್ದು ನಾನು. ತಪ್ಪು ಮಾಡಿದೀನಿ.’

‘ಹೋದ ತಿಂಗಳು ಒಬ್ಬ ಬ್ಯಾಂಕಿನೋನು ಅಂತ ಫೋನ್ ಮಾಡಿ ಇಲ್ಲೊಬ್ಬರನ್ನ ಮುಳುಗಿಸಿದ. ನಿಮ್ಮನ್ನ ನಾನು ಹೇಗೆ ನಂಬ್ಲಿ?’

ಹೆಂಡತಿ ಫೋನು ಕಿತ್ತುಕೊಂಡರು. ‘ನಂಬಬೇಡಿ ಅಣ್ಣ. ನಮ್ಮನ್ನ ಬೈಕೊಂಡೇ ಮೆಟ್ಟಿಲು ಹತ್ತಿ. ಆದ್ರೆ ಹತ್ತಿ.’

ಲಿಫ್ಟ್ ಕೆಟ್ಟಿದೆ ಎಂದ ವಾಚ್‌ಮನ್. ಗೇಟು ಬಿಟ್ಟು ಹೋದರೆ ತನ್ನ ಕೆಲಸ ಹೋಗುತ್ತದೆ ಎಂದೂ ಹೇಳಿದ. ಆಮೇಲೆ ಗೇಟಿನ ಚಿಲಕದ ಸದ್ದು, ಮೆಟ್ಟಿಲಿನ ಮೇಲೆ ಚಪ್ಪಲಿಯ ಸದ್ದು. ರಿಪೇರಿಯವರು ಫೋನಿನ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟರು. ಮೇಜಿನ ತುಂಬ ಬಿಚ್ಚಿಟ್ಟ ಗಡಿಯಾರಗಳಿದ್ದವು, ಯಾವುದೂ ನಡೆಯುತ್ತಿರಲಿಲ್ಲ. ಎರಡನೇ ಮಹಡಿಯಲ್ಲಿ ವಾಚ್‌ಮನ್ ಏದುಸಿರು ಬಿಡುತ್ತಾ ನಿಂತ. ನನಗೆ ಬಿಪಿ ಇದೆ ಎಂದ.

ಅವನು ಮೂರನೇ ಮಹಡಿಯ ಬಾಗಿಲು ಮುಟ್ಟುವಷ್ಟರಲ್ಲಿ ಎಂಟಾಯಿತು. ರಿಪೇರಿಯವರ ಜೇಬಿನಲ್ಲಿದ್ದ ಫೋನು, ‘ಮಾತ್ರೆ ತಗೊಳ್ಳಿ. ಆಮೇಲೆ ಅನ್ಬೇಡಿ’ ಎಂದಿತು. ಮೇಜಿನ ಮೇಲಿನ ಫೋನಿನಿಂದಲೂ ಅದೇ ಮಾತು, ಬಾಗಿಲಿನಾಚೆಯಿಂದ ಬಂದಂತೆ ಕೇಳಿಸಿತು. ಹೆಂಡತಿ ತನ್ನ ಧ್ವನಿಗೆ ತಾನೇ ಬೆಚ್ಚಿದರು.

ಬಾಗಿಲು ಬಡಿದ ಸದ್ದು. ಒಳಗಿನಿಂದ ಮುದುಕರ ಧ್ವನಿ: ‘ಬಂದೆ, ಬಂದೆ. ಮಾತ್ರೆ ತಗೊಂಡು ಬಂದೆ.’

‘ತಗೋಬೇಡಿ ಸಾರ್, ಬಾಗಿಲು ತೆಗೀರಿ,’ ಎಂದು ವಾಚ್‌ಮನ್ ಕೂಗಿದ. ಬಾಗಿಲು ತೆರೆಯಲು ತಡವಾಯಿತು. ಕೊನೆಗೆ ಅವನೇ ಹೇಳಿದ, ಮಾತ್ರೆ ಇನ್ನೂ ಕೈಯಲ್ಲಿದೆ, ನೀರಿನ ಲೋಟವೂ ಇದೆ, ಕೊಡಿ ಅಂದರೆ ಕೊಡುತ್ತಿಲ್ಲ.

‘ನೀನ್ಯಾರಪ್ಪ ಬೇಡ ಅನ್ನೋಕೆ? ಇದನ್ನ ಹಾಕಿಕೊಟ್ಟಿದ್ದು ನನ್ನ ಮಗಳು. ಆಯಮ್ಮ ಹೇಳಿದ ಮೇಲೆ ತಗೋಬೇಕು.’

ಹೆಂಡತಿ ಫೋನಿನ ಹತ್ತಿರ ಬಾಗಿದರು. ‘ಆಯಮ್ಮ ನಾನೇ. ತಗೋಬೇಡಿ. ಬೆಳಿಗ್ಗೆ ಹೇಳಿದ್ದು ತಪ್ಪು.’

‘ನಿನ್ನೆ ಬೆಳಿಗ್ಗೇದು?’ ಎಂದರು ಮುದುಕರು.

‘ಅದೂ ತಪ್ಪೇ.’

ಡಬ್ಬಿಯ ಮುಚ್ಚಳ ತಿರುಗಿಸಿದ ಸದ್ದು ಕೇಳಿಸಿತು. ಮಾತ್ರೆ ಒಳಗೆ ಹೋಯಿತು ಎಂದ ವಾಚ್‌ಮನ್. ಡಬ್ಬಿಯೊಳಗೆ ಎಂದು ತಕ್ಷಣ ಸೇರಿಸಿದ.

ಹತ್ತು ಗಂಟೆಗೆ ಮಗಳು ಸಂದೇಶ ನೋಡಿ, ಪಾಳಿ ಅರ್ಧಕ್ಕೆ ಬಿಟ್ಟು, ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ರಕ್ತ ಪರೀಕ್ಷೆ ಮಾಡಿದ ಡಾಕ್ಟರು ಅಂದು ರಾತ್ರಿಯ ಮಾತ್ರೆ ಬಿಡಲು ಹೇಳಿದರು. ಸೋಮವಾರದ ಪರೀಕ್ಷೆಯಲ್ಲಿ ರಕ್ತ ಹೆಪ್ಪುಗಟ್ಟುವ ಮಟ್ಟ ಮೊದಲಿನಂತಾಗಿತ್ತು. ಮಗಳು ಪ್ರೋಗ್ರಾಂ ಅಳಿಸಿ, ಅಪ್ಪನ ಫೋನಿನಲ್ಲಿ ಮೊದಲಿಂದ ಇದ್ದ ಅಲಾರಮ್ಮನ್ನೇ ರಾತ್ರಿ ಎಂಟಕ್ಕೆ ಇಟ್ಟಳು.