ಮೂರು ಸಲ ಹೊಗಳಿದ ಚಾಕು

ನರೀನ್ ಪೇಟೆಯ ಕಬ್ಬಿಣದ ಅಂಗಡಿ ಸಾಲಿನಲ್ಲಿ ಅನಾರ್ಕುಲ್‌ಳ ಹಲಗೆಯ ಮುಂದೆ ಕೆನೆಶ್ ಬೆಳಗಿನಿಂದ ಎರಡನೆಯ ಸಲ ಬಂದು ನಿಂತಿದ್ದ. ಹಲಗೆಯ ಮೇಲೆ ಚಾಕುಗಳಿದ್ದವು. ಮಡಚುವಂಥವು ಒಂದು ಕಡೆ, ಒರೆಯಲ್ಲಿಡುವಂಥವು ಇನ್ನೊಂದು ಕಡೆ.

"ತಮ್ಮಾ, ಹೆಣ್ಣು ನೋಡೋಕೆ ಬಂದವರೂ ಇಷ್ಟು ತಿರುಗಿಸಿ ತಿರುಗಿಸಿ ನೋಡಲ್ಲ," ಎಂದಳು ಅನಾರ್ಕುಲ್.

"ಇವನು ಹೆಣ್ಣನ್ನ ನೋಡಿದ್ದು ಒಂದೇ ನಿಮಿಷ ಅಕ್ಕಾ. ಅದಕ್ಕೇ ಈಗ ಹುಷಾರು," ಎಂದ ಪಕ್ಕದಲ್ಲಿದ್ದ ತಿಲೆಕ್. ಅವನು ಕೆನೆಶನ ಚಿಕ್ಕಪ್ಪನ ಮಗ, ಒಂದೇ ವಯಸ್ಸು.

ಕೆನೆಶ್ ನಗಲಿಲ್ಲ. ಊರಿನಲ್ಲಿ ಅವನದು ರೇಡಿಯೇಟರ್ ರಿಪೇರಿಯ ಶೆಡ್ಡು. ಬೇಟೆಗೆ ಹೋದಾಗಲೆಲ್ಲ ಬೇರೆಯವರ ಪರವಾನಗಿಯ ಮೇಲೆ, ಬೇರೆಯವರ ಸಾಮಾನು ಹೊತ್ತುಕೊಂಡು ಹೋಗಿದ್ದವನು. ಈ ವರ್ಷ ಒಂದು ತೆಕೆ, ಅಂದರೆ ಉದ್ದ ಕೊಂಬಿನ ಗಂಡು ಬೆಟ್ಟಮೇಕೆ, ಹೊಡೆಯುವ ಪರವಾನಗಿ ಅವನ ಹೆಸರಿಗೇ ಬಂದಿತ್ತು. ಸೊಂಟದಲ್ಲಿರುವ ಚಾಕು ನೋಡಿದವರು ಅದನ್ನು ಹಾಗೇ ಮರೆಯಬಾರದು ಎಂದು ಅವನ ಆಸೆ.

ಬೆನ್ನಿಗೆ ಗರಗಸದ ಹಲ್ಲು, ಹಿಡಿಯ ತುದಿಗೆ ದಿಕ್ಸೂಚಿ ಇದ್ದ ಹೊಳೆಯುವ ಚಾಕುವೊಂದನ್ನು ಅವನು ಎತ್ತಿಕೊಂಡ.

"ಅದು ಬಿಷ್ಕೆಕ್‌ನಿಂದ ಬರೋ ಪಟ್ಟಣದವರಿಗೆ ಇಟ್ಟಿರೋದು," ಎಂದಳು ಅನಾರ್ಕುಲ್. "ಹಿಡಿ ಒಳಗೆ ಟೊಳ್ಳು. ಚಳೀಲಿ ಒಂದೇಟು ಜೋರಾಗಿ ಹಾಕಿದರೆ ಅಲಗು ಒಂದು ಕಡೆ, ನೀನೊಂದು ಕಡೆ. ಈ ಉಜ್ಬೇಕ್ ಚಾಕು ಚೆಂದ, ಆದರೆ ಕರಬೂಜ ಕೊಯ್ಯೋಕೆ. ಬೆಟ್ಟಕ್ಕಾದರೆ ಇದು ತಗೋ."

ಅವಳು ಮುಂದಿಟ್ಟದ್ದು ಕರಿ ಬಣ್ಣದ್ದು, ದಪ್ಪ ಬೆನ್ನಿನದು. ಊರಿನ ಕಮ್ಮಾರ ಲಾರಿಯ ಕಮಾನು ಪಟ್ಟಿಯಿಂದ ಬಡಿದು ಮಾಡಿದ್ದು. ಅಲಗಿನ ಕಬ್ಬಿಣ ಹಿಡಿಯ ತುದಿಯವರೆಗೂ ಒಂದೇ ತುಂಡಾಗಿ ಹೋಗಿತ್ತು. ಎರಡೂ ಬದಿಗೆ ಬರ್ಚ್ ಮರದ ಚಕ್ಕೆಯಿಟ್ಟು ಮೊಳೆ ಹೊಡೆದಿದ್ದರು.

"ಇದೇನಕ್ಕಾ, ಸನಿಕೆ!" ಎಂದ ಕೆನೆಶ್. "ಒಲೆ ಬೂದಿ ಎತ್ತೋಕೆ ಸರಿಹೋಗುತ್ತೆ."

ತಿಲೆಕ್ ಅದನ್ನು ಹಲಗೆಗೆ ಬಡಿದು ನೋಡಿದ, ಹಿಡಿ ಅಲ್ಲಾಡಿಸಿದ, ಉಗುರಿನ ಮೇಲೆ ಅಂಚನ್ನು ಎಳೆದ. "ಸನಿಕೆ ನನಗಿರಲಿ," ಎಂದು ಕೊಂಡುಕೊಂಡ. ಕೆನೆಶ್ ಏನೂ ಕೊಳ್ಳಲಿಲ್ಲ.

ಆ ಸಂಜೆ ಅವರು ಬೆಟ್ಟದ ಬುಡದ ಹಳ್ಳಿಯಲ್ಲಿ ಕೆನೆಶನ ಬೀಗರ ಮನೆಯಲ್ಲಿ ಇಳಿದರು. ಕುದುರೆಗಳು ಸಿಗುವುದು ಅಲ್ಲೇ. ಮನೆಯಲ್ಲಿ ಈಗ ಇಬ್ಬರೇ: ಮುದುಕ ಜುಮಗಾಜಿ ಮತ್ತು ಅವನ ಸೊಸೆ, ಕೆನೆಶನ ತಂಗಿ ಜರೀಪಾ. ಅವಳ ಗಂಡ ಉಲಾರ್ ಕಣಿವೆ ದಾರಿಯಲ್ಲಿ ಹಿಮ ಜಾರಿ ಲಾರಿಯ ಸಮೇತ ಸತ್ತು ಮೂರು ಚಳಿಗಾಲ ಕಳೆದಿತ್ತು. ತವರಿಗೆ ಬಾ ಎಂದು ಕರೆದರೆ ಜರೀಪಾ, "ಮಾವನ್ನ ಯಾರಿಗೆ ಒಪ್ಪಿಸಿ ಬರಲಿ?" ಎನ್ನುತ್ತಿದ್ದಳು.

ಬೇಯಿಸಿದ ಕುರಿ ಮಾಂಸ ಬಂತು. ಮುದುಕ ಅಂಗಿಯ ತೋಳು ಮಡಚಿ ಕುಳಿತು, ಅಗಲ ಮಣೆಯ ಮೇಲೆ ಅದನ್ನು ಕೊಯ್ಯತೊಡಗಿದ. ಅವನ ಕೈಯಲ್ಲಿದ್ದ ಚಾಕು ತೆಳ್ಳಗಿತ್ತು, ಗೇಣಿಗಿಂತ ಚಿಕ್ಕದು. ಜಲ್ದರು ಹಣ್ಣಿನ ಮರದ ಹಿಡಿ, ಹಿತ್ತಾಳೆಯ ಕುತ್ತಿಗೆ. ಮಾಂಸದ ಮೇಲೆ ಒತ್ತಿದ ಗುರುತೇ ಇಲ್ಲದೆ ಎಳೆಎಳೆಯಾಗಿ ಚೂರುಗಳು ಬೀಳುತ್ತಿದ್ದವು.

"ಒಳ್ಳೇ ಚಾಕು ಮಾವ," ಎಂದ ಕೆನೆಶ್.

"ಹೂಂ. ಕೊಯ್ಯುತ್ತೆ."

ಅತಿಥಿ ಒಂದು ವಸ್ತುವನ್ನು ಹೊಗಳಿದರೆ ಅದನ್ನು ಅವನ ಮುಂದಿಡುವುದು ಆ ಕಣಿವೆಯ ಮರ್ಯಾದೆ. ಒಂದು ಸಲದ ಹೊಗಳಿಕೆಯನ್ನು ಉಪಚಾರದ ಮಾತೆಂದು ದಾಟಿಸಬಹುದು. ಎರಡನೆಯದನ್ನು ಕೇಳಿಸದಂತೆ ಇರಬಹುದು. ಮೂರನೆಯದಕ್ಕೆ ಮನೆಯವನಿಗೆ ಬೇರೆ ದಾರಿಯಿಲ್ಲ. ಇದು ಕೆನೆಶನಿಗೆ ಹಾಲು ಕುಡಿಯುವಾಗಿನಿಂದ ಗೊತ್ತಿದ್ದ ವಿಷಯ.

ಅವನು ಕೈ ಚಾಚಿ ಚಾಕುವನ್ನು ತೆಗೆದುಕೊಂಡು ಬೆಳಕಿಗೆ ಹಿಡಿದ. "ಇಡೀ ನರೀನ್ ಪೇಟೆ ಹುಡುಕಿದೆ ಮಾವ. ಇಂಥದ್ದು ಎಲ್ಲೂ ಇಲ್ಲ."

"ಮೇಲೆ ಈ ಸಲ ಹಿಮ ಬೇಗ ಬಿದ್ದಿದೆಯಂತೆ," ಎಂದ ಮುದುಕ.

ತಿಲೆಕ್ ಕೆನೆಶನ ತೊಡೆ ಚಿವುಟಿದ. ಕೆನೆಶ್ ತೊಡೆ ಸರಿಸಿಕೊಂಡ.

"ಇಂಥದ್ದೊಂದು ಸೊಂಟದಲ್ಲಿದ್ದರೆ ಬೆಟ್ಟದಲ್ಲಿ ಮನುಷ್ಯನಿಗೆ ಬೇರೇನೂ ಬೇಡ."

ಮುದುಕ ಚಾಕುವನ್ನು ವಾಪಸ್ ಪಡೆದು ಬಟ್ಟೆಯಿಂದ ಒರೆಸಿದ. ಒರೆಗೆ ಹಾಕಿದ. ಹಿಡಿಯನ್ನು ಕೆನೆಶನ ಕಡೆಗೆ ತಿರುಗಿಸಿ ಊಟದ ಹಾಸಿನ ಮೇಲೆ ಇಟ್ಟ. "ನಿನ್ನದೇ," ಎಂದ. ಮಿಕ್ಕ ಮಾಂಸವನ್ನು ಎಲ್ಲರೂ ಕೈಯಿಂದ ಹರಿದು ತಿಂದರು. ಜರೀಪಾ ತಲೆ ತಗ್ಗಿಸಿ ಚಹಾ ಬಗ್ಗಿಸುತ್ತಲೇ ಇದ್ದಳು.

ಬೆಳಿಗ್ಗೆ ಕುದುರೆಗೆ ಜೀನು ಬಿಗಿಯುವಾಗ ಅವಳು ರೊಟ್ಟಿಯ ಗಂಟು ತಂದಳು. ಅಣ್ಣನ ಮುಖ ನೋಡಲಿಲ್ಲ.

"ಅಣ್ಣಾ, ಅದು ಅವರು ಮಾಡಿದ್ದು."

"ಯಾವುದು?"

"ಚಾಕು. ನಮ್ಮ ಮದುವೆಯಾದ ವರ್ಷ. ಟ್ರ್ಯಾಕ್ಟರಿನ ಬೇರಿಂಗ್ ಬಳೆ ಕಾಯಿಸಿ ಬಡಿದು ಮಾಡಿದರು. ಅವರ ಕೈಯಿಂದಾದದ್ದು ಅಂತ ಮನೇಲಿ ಇದ್ದದ್ದು ಅದೊಂದೇ."

ಕೆನೆಶನ ಕೈ ಜೀನಿನ ಪಟ್ಟಿಯ ಮೇಲೆ ನಿಂತಿತು. "ನನಗೆ ಯಾರು ಹೇಳಿದರು? ಈಗಲೇ ಹೋಗಿ ವಾಪಸ್ ಕೊಡ್ತೀನಿ."

"ಕೊಟ್ಟದ್ದನ್ನ ವಾಪಸ್ ಕೊಟ್ಟರೆ ಮಾವನ ಮುಖಕ್ಕೆ ಹೊಡೆದ ಹಾಗೆ. ಅಷ್ಟೂ ಗೊತ್ತಿಲ್ವಾ ನಿನಗೆ?" ಎಂದಳು ಜರೀಪಾ. "ಹೋಗು, ಬಿಸಿಲು ಏರುತ್ತೆ."

ಇಬ್ಬರೂ ಬೆಟ್ಟದ ದಾರಿ ಹಿಡಿದರು. ಏರು ಮುಗಿದ ಮೇಲೆ ಕೆನೆಶ್, "ನನಗೆ ಗೊತ್ತಿರಲಿಲ್ಲ ಕಣೋ," ಎಂದ.

"ಉಲಾರ್ ಮಾಡಿದ್ದು ಅಂತ ಗೊತ್ತಿರಲಿಲ್ಲ, ಒಪ್ಪಿದೆ," ಎಂದ ತಿಲೆಕ್. "ಹೊಗಳಿದರೆ ಸಿಗುತ್ತೆ ಅಂತ ಗೊತ್ತಿತ್ತಲ್ಲ?"

ಕೆನೆಶ್ ಚಾಕುವನ್ನು ಸೊಂಟದಿಂದ ಬಿಚ್ಚಿ, ಟವೆಲಿನಲ್ಲಿ ಸುತ್ತಿ, ಬೆನ್ನಚೀಲದ ತಳಕ್ಕೆ ಹಾಕಿದ. ಬಳಸುವುದಿಲ್ಲ ಎಂದು ನಿರ್ಧರಿಸಿದ. ಸೌದೆ ಸೀಳಲು, ಡಬ್ಬಿ ತೆರೆಯಲು, ಗುಡಾರದ ಗೂಟ ಚೂಪು ಮಾಡಲು ತಿಲೆಕನ ಕರಿ ಚಾಕುವನ್ನೇ ಕೇಳಿ ಪಡೆದ. ತಿಲೆಕ್ ಪ್ರತಿ ಸಲವೂ, "ತಗೋ ನನ್ನ ಸನಿಕೆ," ಎಂದು ಕೊಟ್ಟ. ಸೌದೆಯ ಮೇಲಿಟ್ಟು ಕಲ್ಲಿನಿಂದ ಹೊಡೆದರೂ ಅದಕ್ಕೆ ಏನೂ ಆಗಲಿಲ್ಲ.

ತೆಕೆಗಳ ಗುಂಪು ಕಂಡ ದಿನ ಇಬ್ಬರೂ ದಿಣ್ಣೆಯ ಎರಡು ಪಕ್ಕಕ್ಕೆ ಬೇರೆಯಾದರು. ಕುದುರೆಗಳನ್ನು ಕೆಳಗೆ ಕಟ್ಟಿದ್ದರು. ಕೆನೆಶನಿಗೆ ದೊಡ್ಡ ಗಂಡೊಂದು ಅಡ್ಡಲಾಗಿ ಸಿಕ್ಕಿತು. ಗುಂಡು ಭುಜದ ಸ್ವಲ್ಪ ಕೆಳಗೆ ತಾಗಿತು. ಪ್ರಾಣಿ ಕೊರಕಲಿಗೆ ಇಳಿದು ಕಲ್ಲುಗಳ ನಡುವೆ ಬಿತ್ತು. ಅವನು ಹತ್ತಿರ ಹೋದಾಗ ಅದಿನ್ನೂ ತಲೆ ಎತ್ತಿಕೊಂಡಿತ್ತು. ಹಿಂಗಾಲು ಮಣ್ಣು ಕೆದರುತ್ತಿತ್ತು. ಉಸಿರು ಹೋಗುವ ಮೊದಲು ಕತ್ತು ಕೊಯ್ಯಬೇಕು. ಇಲ್ಲವಾದರೆ ಮಾಂಸ ತಿನ್ನುವಂಥದ್ದಲ್ಲ ಎಂಬುದು ಅವನ ತಂದೆ ಕಲಿಸಿದ ಕಟ್ಟುನಿಟ್ಟು, ಪ್ರಾಣಿ ನರಳುವುದು ಬೇರೆ. ತಿಲೆಕ್ ದಿಣ್ಣೆಯ ಆಚೆ ಇದ್ದ. ಕೂಗಿದರೂ ಬಂದು ಮುಟ್ಟಲು ಹೊತ್ತಾಗುತ್ತಿತ್ತು.

ಕೆನೆಶ್ ಚೀಲದ ಸಾಮಾನನ್ನೆಲ್ಲ ಹಿಮದ ಮೇಲೆ ಸುರಿದು ಟವೆಲಿನ ಗಂಟು ಹುಡುಕಿದ. ಬಿಸ್ಮಿಲ್ಲಾ ಹೇಳಿ ಕೊಯ್ದ. ಅಲಗು ನೀರಿನಲ್ಲಿ ಹೋದ ಹಾಗೆ ಹೋಯಿತು. ಪ್ರಾಣಿ ಬೇಗ ಸುಮ್ಮನಾಯಿತು.

ಅಲ್ಲಿಗೆ ಅವನು ಚಾಕು ಒರೆಸಿ ತಿಲೆಕನಿಗಾಗಿ ಕಾಯಬಹುದಿತ್ತು. ಆದರೆ ಮೇಲಿನಿಂದ ಮೋಡ ಇಳಿಯುತ್ತಿತ್ತು. ತುಂಡು ಮಾಡದೆ ಆ ತೂಕವನ್ನು ಕೊರಕಲಿನಿಂದ ಎತ್ತಲಾಗುವುದಿಲ್ಲ. ಅದೂ ಅಲ್ಲದೆ ಚಾಕು ಅಷ್ಟು ಸಲೀಸಾಗಿ ಕೊಯ್ದದ್ದು ಅವನ ಕೈಗೆ ರುಚಿ ಹತ್ತಿಸಿತ್ತು. ಚರ್ಮ ಬಿಡಿಸಿದ, ಹೊಟ್ಟೆ ತೆರೆದ. ಎದೆಮೂಳೆಗೆ ಅಲಗಿಟ್ಟು ಚಾಕುವಿನ ಬೆನ್ನಿನ ಮೇಲೆ ಅಂಗೈಯಿಂದ ಗುದ್ದಿದ. ಎರಡನೆಯ ಗುದ್ದಿಗೆ ಸಣ್ಣಗೆ ಟಿಕ್ಕೆಂದಿತು.

ಹಿಮದಿಂದ ಉಜ್ಜಿ ನೋಡಿದ. ಅಲಗಿನ ನಡುವೆ ಗೋಧಿ ಕಾಳಿನಷ್ಟು ಮುಕ್ಕಾಗಿತ್ತು.

ತಿಲೆಕ್ ಏದುಸಿರು ಬಿಡುತ್ತ ಇಳಿದು ಬಂದವನು ಚಾಕುವನ್ನು ನೋಡಿ ತನ್ನ ಹಾಸ್ಯವನ್ನು ನುಂಗಿಕೊಂಡ. ಕರಿ ಚಾಕುವಿನಿಂದ ಎದೆಗೂಡನ್ನು ತಾನೇ ಸೀಳಿದ. ಮಾಂಸವನ್ನು ಕುದುರೆಗೆ ಹೇರಿದ ಮೇಲೆ ಜೇಬಿನಿಂದ ಸಾಣೆಕಲ್ಲು ತೆಗೆದುಕೊಟ್ಟ. "ಉಜ್ಜಿಬಿಡು. ಅಂಚು ಒಂಚೂರು ಕೆಳಗೆ ಬಂದರೆ ಮುಕ್ಕು ಹೋಗುತ್ತೆ. ಯಾರಿಗೂ ಕಾಣಲ್ಲ."

ಕೆನೆಶ್ ಕಲ್ಲಿಗೆ ಉಗುಳು ಹಾಕಿ ನಾಲ್ಕಾರು ಸಲ ಎಳೆದ. ಕಲ್ಲಿನ ಮೇಲೆ ಬೂದು ಬಣ್ಣದ ಕೆಸರು ಕೂಡಿತು. ಅದು ಉಲಾರ್ ಬಡಿದ ಕಬ್ಬಿಣ. ಅವನು ನಿಲ್ಲಿಸಿ ಕಲ್ಲನ್ನು ವಾಪಸ್ ಕೊಟ್ಟ.

"ಕೊಟ್ಟು ಬರೋಕೆ ಒಂದು ದಾರಿ ಇದೆ," ಎಂದ ತಿಲೆಕ್. "ನೀನು ತಂದ ದಾರೀಲೇ ವಾಪಸ್ ಹೋಗಲಿ. ಮುದುಕನ ಬಾಯಿಂದ ಒಂದು ಹೊಗಳಿಕೆ ಬರೋ ಹಾಗೆ ಮಾಡೋಣ. ಆಗ ನೀನು ಕೊಡಬಹುದು, ಅವನು ಬೇಡ ಅನ್ನೋ ಹಾಗಿಲ್ಲ."

"ಮುಕ್ಕಾದ ಚಾಕುವನ್ನ ಯಾರು ಹೊಗಳ್ತಾರೆ?"

"ಮುಕ್ಕಿರೋ ಕಡೆ ತೋರಿಸಬೇಡ."

ಹಳ್ಳಿಗೆ ಬಂದಾಗ ಇನ್ನೂ ಮಧ್ಯಾಹ್ನ. ಜುಮಗಾಜಿ ಬಾಗಿಲಲ್ಲೇ ನಿಂತು ಕೊಂಬು ನೋಡಿ, "ಭಲೇ, ಗುರಿ ಗಟ್ಟಿಯಾಗಿದೆ," ಎಂದ. ತೊಡೆಯ ಮಾಂಸವನ್ನು ಕೆನೆಶ್ ಮೊದಲೇ ಈ ಮನೆಗೆಂದು ಎತ್ತಿಟ್ಟಿದ್ದ. ಜರೀಪಾ ಅದನ್ನು ಬೇಯಿಸಿದಳು.

ಮಾಂಸ ಬಂದಾಗ ಕೊಯ್ಯುವ ಕೆಲಸವನ್ನು ಕೆನೆಶ್ ತಾನೇ ವಹಿಸಿಕೊಂಡು ಚಾಕು ತೆಗೆದ. ಮುಕ್ಕಿನ ಭಾಗ ತಾಗದಂತೆ ತುದಿಯಿಂದಲೇ ಕೊಯ್ಯುತ್ತಿದ್ದ.

"ಆಹಾ, ಏನು ಕೊಯ್ಯುತ್ತೆ ನೋಡಿ ಮಾವ!" ಎಂದ ತಿಲೆಕ್.

"ನನ್ನ ಕಣ್ಣು ಮಂದ ಮಗಾ."

"ಸದ್ದು ಕೇಳಿ ಹಾಗಾದರೆ. ಸದ್ದೇ ಇಲ್ಲ!"

"ಕಿವೀನೂ ಮಂದ."

"ಇಂಥ ಚಾಕು ಈ ಜಿಲ್ಲೇಲೇ ಇಲ್ಲ ಅಂತೀನಿ ನಾನು. ನೀವೇನಂತೀರಿ?"

"ಜಿಲ್ಲೆ ದೊಡ್ಡದು," ಎಂದ ಮುದುಕ. ಚಹಾ ಹೀರಿದ. "ನಿನ್ನದೆಲ್ಲಿ? ತೋರಿಸು."

ತಿಲೆಕ್ ತನ್ನ ಕರಿ ಚಾಕುವನ್ನು ಕೊಟ್ಟ. ಮುದುಕ ಅದರ ಬೆನ್ನನ್ನು ಹೆಬ್ಬೆರಳಿನಿಂದ ಸವರಿದ, ಹಿಡಿಯ ತುದಿಯಲ್ಲಿ ಇಣುಕುತ್ತಿದ್ದ ಕಬ್ಬಿಣವನ್ನು ನೋಡಿದ, ವಾಪಸ್ ಕೊಟ್ಟ. "ಇದನ್ನ ನಾನು ಹೊಗಳಲ್ಲ. ಹೊಗಳಿದರೆ ನೀನು ಬರಿಗೈಲಿ ಮನೆಗೆ ಹೋಗಬೇಕಾಗುತ್ತೆ."

ತಿಲೆಕ್ ಚಾಕುವನ್ನು ಒರೆಗೆ ಹಾಕಿಕೊಂಡ. ಮುದುಕ ಕೆನೆಶನ ಕಡೆ ಕೈ ಚಾಚಿದ. ಕೆನೆಶ್ ಕೊಡಲೇಬೇಕಾಯಿತು. ಮುದುಕ ಅಂಚಿನ ಉದ್ದಕ್ಕೂ ಉಗುರು ಎಳೆದ. ನಡುವೆ ಉಗುರು ನಿಂತಿತು.

"ಎದೆಮೂಳೆಯಾ?"

"ಹೌದು ಮಾವ."

"ಇದು ಬೆಂದ ಮಾಂಸದ ಚಾಕು. ತೆಳು, ಗಡಸು. ಹಸಿ ಮೂಳೆಗೆ ಅವನು ಮಾಡಿದ್ದಲ್ಲ." ಮಗನ ಹೆಸರನ್ನು ಮುದುಕ ಹೇಳಲಿಲ್ಲ. "ಬೆಟ್ಟಕ್ಕೆ ಎಂಥದ್ದು ಬೇಕು ಅಂತ ಕೇಳಿದ್ದರೆ ಹೇಳ್ತಿದ್ದೆ. ನೀನು ಕೇಳಲಿಲ್ಲ. ಹೊಗಳಿದೆ."

ಕೆನೆಶನ ಕಿವಿ ಬಿಸಿಯಾಯಿತು. "ತಪ್ಪಾಯ್ತು ಮಾವ. ತಗೊಳ್ಳಿ ಇದನ್ನ. ದಮ್ಮಯ್ಯ."

"ಕೊಟ್ಟದ್ದು ಕೊಟ್ಟಾಯ್ತು," ಎಂದು ಮುದುಕ ಚಾಕುವನ್ನು ಅವನ ಮುಂದಿಟ್ಟ, ಹಿಡಿ ಅವನ ಕಡೆಗೆ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಕೆನೆಶನಿಗೆ ಹಗುರಾಗುತ್ತಿತ್ತು.

ಚಹಾದ ಪಾತ್ರೆ ಹಿಡಿದು ಬಾಗಿಲ ಬಳಿ ಕುಳಿತಿದ್ದ ಜರೀಪಾ, ಮಾವ ಅತಿಥಿಗಳೊಡನೆ ಮಾತಾಡುವಾಗ ಎಂದೂ ನಡುವೆ ಬಾಯಿ ಹಾಕಿದವಳಲ್ಲ.

"ಚೆನ್ನಾಗಿದೆ ಚಾಕು," ಎಂದಳು.

ಮೂವರೂ ಅವಳ ಕಡೆ ತಿರುಗಿದರು. ಅವಳ ಮುಖ ಕೆಂಪಾಗಿತ್ತು. ಆದರೂ ತಲೆ ತಗ್ಗಿಸಲಿಲ್ಲ. "ಚೆನ್ನಾಗಿದೆ ಅಣ್ಣಾ. ಇಷ್ಟು ಚೆನ್ನಾಗಿರೋದು ನಾನು ನೋಡಿಲ್ಲ. ಇಂಥದ್ದೊಂದು ಅಡಿಗೆಮನೇಲಿದ್ದರೆ ಹೆಂಗಸಿಗೆ ಬೇರೇನೂ ಬೇಡ." ಒಂದೊಂದು ಮಾತಿನ ನಡುವೆಯೂ ಅವಳು ತಡೆದಳು. ಮೂರೂ ಬೇರೆ ಬೇರೆಯಾಗಿ ಕೇಳಿಸಲಿ ಎಂಬಂತೆ.

ಜುಮಗಾಜಿ ತನ್ನ ಬಟ್ಟಲಿನೊಳಗೆ ನೋಡುತ್ತಿದ್ದ. ಸೊಸೆಯನ್ನು ತಡೆಯಲಿಲ್ಲ.

ಕೆನೆಶ್ ಚಾಕುವನ್ನು ಒರೆಸಿದ. ಒರೆಸಿದಷ್ಟೂ ಮುಕ್ಕು ಎದ್ದು ಕಂಡಿತು. ಎದ್ದು ಹೋಗಿ, ಹಿಡಿಯನ್ನು ಮುಂದೆ ಮಾಡಿ, ಎರಡೂ ಕೈಯಿಂದ ತಂಗಿಗೆ ಕೊಟ್ಟ.

ಜರೀಪಾ ಮಣೆಯನ್ನು ತನ್ನ ಕಡೆಗೆ ಎಳೆದುಕೊಂಡು ಉಳಿದ ಮಾಂಸವನ್ನು ಕೊಯ್ಯತೊಡಗಿದಳು. ಅವನ ಹಾಗೆ ತುದಿಯಿಂದ ಕೊಯ್ಯಲಿಲ್ಲ. ಉಲಾರ್ ಇದ್ದಾಗ ಹೇಗೋ ಹಾಗೆ ಇಡೀ ಅಲಗನ್ನು ಎಳೆದಳು. ಮುಕ್ಕು ಹಾದುಹೋದಲ್ಲೆಲ್ಲ ಒಂದು ಎಳೆ ಕೊಯ್ಯದೆ ಉಳಿಯುತ್ತಿತ್ತು. ಅದನ್ನು ಅವಳು ಬೆರಳಿನಿಂದ ಹರಿಯುತ್ತಿದ್ದಳು. ಮೊದಲ ಪಾಲು ಮಾವನಿಗೆ, ಆಮೇಲೆ ತಿಲೆಕನಿಗೆ, ಕೊನೆಗೆ ಅಣ್ಣನಿಗೆ ಹಾಕಿದಳು.

ಪ್ರತಿ ಚೂರಿನ ಮೇಲೂ ಹರಿದ ಗೆರೆಯೊಂದಿತ್ತು. ಕೆನೆಶ್ ಅವನ್ನೇ ನೋಡುತ್ತ ಕುಳಿತ.

"ತಿನ್ನು ಅಣ್ಣಾ," ಎಂದಳು ಜರೀಪಾ. "ಆರಿಹೋಗುತ್ತೆ."

ಅವನು ತಿಂದ.